ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಅದನ್ನು ತಿಂದ ಮಗು ಎರಡು ಗಂಟೆಯೊಳಗೆ ವಾಂತಿ ಮಾಡಿಕೊಂಡರೆ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುವುದೂ ಹಲವೆಡೆ ಇನ್ನೂ ನಿಂತಿಲ್ಲ. ಅನ್ನದ ಮೇಲೆ ಅನುಮಾನವೇ ಬರುವುದಿಲ್ಲ, ಏಕೆಂದರೆ ಅದನ್ನು ಚೆನ್ನಾಗಿ ಬಿಸಿ ಮಾಡಿರುತ್ತಾರೆ. ಬಿಸಿ ಮಾಡಿದ ಮೇಲೆ ಭಯವಿಲ್ಲ ಎಂಬ ಈ ನಂಬಿಕೆಯೇ ನನ್ನನ್ನು ಹೆಚ್ಚು ಕಾಡುತ್ತದೆ.

ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬದುಕುವಂಥದ್ದು. ಗದ್ದೆಯಿಂದಲೇ ಅಕ್ಕಿಗೆ ಅಂಟಿಕೊಂಡು ಅಡುಗೆಮನೆಗೆ ಬರುತ್ತದೆ. ಆಹಾರ ಸಿಗದ ಕಾಲದಲ್ಲಿ ಅದು ತನ್ನ ತಿರುಳಿನ ನೀರನ್ನು ಬಹುಪಾಲು ಹೊರಹಾಕಿ, ಕ್ಯಾಲ್ಸಿಯಂ ಮತ್ತು ಡೈಪಿಕೋಲಿನಿಕ್ ಆಮ್ಲವನ್ನು ತುಂಬಿಕೊಂಡು, ಪದರಪದರವಾದ ಕವಚದೊಳಗೆ ಬೀಜಾಣುವಾಗಿ ಕುಳಿತುಬಿಡುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುವ ರಾಗಿಯನ್ನು ನೆನೆದರೆ ಇದು ಅರ್ಥವಾದೀತು. ರಾಗಿಯನ್ನು ಕಾಯುವುದೂ ಅದರ ಒಣತನವೇ. ಇನ್ನೂ ಹತ್ತಿರದ ಹೋಲಿಕೆ ಮೊಟ್ಟೆಯ ಬಿಳಿಯದು. ಅದರ ಪ್ರೋಟೀನುಗಳು ನೀರಿನಲ್ಲಿ ಸಡಿಲವಾಗಿರುವುದರಿಂದ ಕಾವು ತಾಗಿದೊಡನೆ ಬಿಚ್ಚಿಕೊಂಡು ಹೆಪ್ಪುಗಟ್ಟುತ್ತವೆ. ಬೀಜಾಣುವಿನ ತಿರುಳಿನಲ್ಲಾದರೋ ಹಾಗೆ ಬಿಚ್ಚಿಕೊಳ್ಳಲು ಬೇಕಾದಷ್ಟು ನೀರೇ ಇಲ್ಲ. ಆದ್ದರಿಂದ ಅನ್ನ ಕುದಿಯುವಾಗ ಇತರ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಈ ಬೀಜಾಣುಗಳಲ್ಲಿ ಕೆಲವು ಉಳಿಯುತ್ತವೆ. ಮೊದಲ ಮಳೆ ಬಿದ್ದ ಹೊಲದಲ್ಲಿ ಬೀಜ ಮೊಳೆಯುವಂತೆ, ಅನ್ನ ಉಗುರುಬೆಚ್ಚಗಾದೊಡನೆ ಅವು ಮೊಳೆಯುತ್ತವೆ. ಪೈಪೋಟಿಗೆ ಯಾರೂ ಉಳಿದಿರುವುದಿಲ್ಲ.

ಈ ಹಟಮಾರಿತನವನ್ನು 1870ರ ದಶಕದಲ್ಲಿ ಭೌತವಿಜ್ಞಾನಿ ಜಾನ್ ಟಿಂಡಲ್ ಕಣ್ಣಾರೆ ಕಂಡಿದ್ದರು. ಹಳೆಯ ಒಣಹುಲ್ಲು ನೆನೆಸಿದ ನೀರು ಎಷ್ಟು ಕುದಿಸಿದರೂ ಮತ್ತೆ ಕೆಡುತ್ತಿತ್ತು. ಕೊನೆಗೆ ಅವರು ಒಂದೇ ಸಮನೆ ಕುದಿಸುವುದನ್ನು ಬಿಟ್ಟು, ಸ್ವಲ್ಪ ಕುದಿಸಿ, ಆರಲು ಬಿಟ್ಟು, ಬೀಜಾಣುಗಳು ಮೊಳೆತು ಮೆತ್ತಗಾದ ಮೇಲೆ ಮತ್ತೆ ಕುದಿಸಿ ಗೆದ್ದರು. ಎಂಥ ಸೊಗಸಾದ ಉಪಾಯ! ನಮ್ಮ ಒಗ್ಗರಣೆಯೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ: ರಾತ್ರಿ ಮೊಳೆತದ್ದನ್ನು ಬೆಳಿಗ್ಗೆ ಕೊಲ್ಲುತ್ತದೆ. ಆದರೆ ಅಷ್ಟರಲ್ಲಿ ಅವು ತಮ್ಮ ಕೆಲಸ ಮುಗಿಸಿರುತ್ತವೆ.

ಆ ಕೆಲಸದ ಫಲವೇ ಸೀರಿಯುಲೈಡ್ ಎಂಬ ನಂಜು. ಉಂಗುರದಂಥ ಈ ಪುಟ್ಟ ಅಣು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಕಾಯಿಸಿದರೂ ನಾಶವಾಗುವುದಿಲ್ಲ. ಮೇಲೆ ಹಿಂಡುವ ನಿಂಬೆರಸವೂ ಅದನ್ನು ಮುರಿಯಲಾರದು. ಅದಕ್ಕೆ ವಾಸನೆಯಿಲ್ಲದ್ದರಿಂದ ಮೂಸಿ ನೋಡಿ ಪ್ರಯೋಜನವಿಲ್ಲ. ಹೊಟ್ಟೆಗೆ ಹೋದ ಮೇಲೆ ಸಾಮಾನ್ಯವಾಗಿ ಒಂದರಿಂದ ಆರು ಗಂಟೆಯೊಳಗೆ ವಾಕರಿಕೆ, ವಾಂತಿ ಶುರುವಾಗಿ, ಬಹುತೇಕರಿಗೆ ಒಂದು ದಿನದಲ್ಲಿ ಇಳಿಯುತ್ತದೆ. ಯಕೃತ್ತಿಗೆ ಪೆಟ್ಟು ಬಿದ್ದು ಸಾವು ಸಂಭವಿಸಿದ ಅಪರೂಪದ ಪ್ರಕರಣಗಳೂ ಇವೆ.

ಗ್ರಹಣದ ದಿನ ಪಾತ್ರೆಯ ಮೇಲೆ ದರ್ಭೆ ಇಡುವ ಮನೆಗಳಲ್ಲೇ ಉಳಿದ 364 ದಿನ ಅನ್ನ ರಾತ್ರಿಯಿಡೀ ಕಟ್ಟೆಯ ಮೇಲಿರುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದು ಹದವಾದ ಬೆಚ್ಚಗೆ ಮತ್ತು ಕೆಲವು ಗಂಟೆಗಳು, ಅಷ್ಟೇ. ತಂಗಳನ್ನಕ್ಕೆ ನೀರು ಹಾಕಿಟ್ಟು ಹುಳಿಸುವ ಹಳ್ಳಿಯ ರೂಢಿಗೆ ಮಾತ್ರ ತಕ್ಕಮಟ್ಟಿನ ಆಧಾರವಿದೆ: ಲ್ಯಾಕ್ಟಿಕ್ ಆಮ್ಲ ಹೆಚ್ಚಿದಂತೆ ಇದರ ಬೆಳವಣಿಗೆ ಕುಗ್ಗುತ್ತದೆ. ಆದರೆ ಹುಳಿಯೇರುವ ಮೊದಲಿನ ಗಂಟೆಗಳಲ್ಲಿ ಆ ರಕ್ಷಣೆಯಿರುವುದಿಲ್ಲ.

ಹಬ್ಬದ ಮಧ್ಯಾಹ್ನ ದೊಡ್ಡ ತಪ್ಪಲೆಯಲ್ಲಿ ಮಿಕ್ಕ ಅನ್ನದೊಳಗೆ ಸಂಜೆ ಸೌಟು ಇಳಿಸಿ ನೋಡಿ. ಮೇಲ್ಭಾಗ ತಣ್ಣಗಾಗಿ ಒಣಗಿದ್ದರೂ ನಡುವಿನಿಂದ ಮೇಲೆತ್ತಿದ ಅನ್ನ ಇನ್ನೂ ಬೆಚ್ಚಗಿರುತ್ತದೆ. ರಾಶಿಯ ಹೊಟ್ಟೆಯಲ್ಲಿ ಶಾಖ ಅಷ್ಟು ಹೊತ್ತು ನಿಲ್ಲುತ್ತದೆ. ತಪ್ಪಲೆಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟರೂ ನಡುಭಾಗ ಆರುವುದು ನಿಧಾನ. ಬಡಿಸುವವರೆಗೆ ಅನ್ನವನ್ನು 60 ಡಿಗ್ರಿಗಿಂತ ಬಿಸಿಯಾಗಿಡಬೇಕು. ಇಲ್ಲವೇ ಅಗಲವಾದ ಪರಾತದಲ್ಲಿ ಎರಡು ಬೆರಳಿನಷ್ಟು ದಪ್ಪಕ್ಕೆ ಹರಡಿ, ಆವಿ ಹೋದೊಡನೆ ಚಿಕ್ಕ ಡಬ್ಬಿಗಳಿಗೆ ತುಂಬಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮರುದಿನದ ಚಿತ್ರಾನ್ನಕ್ಕೆ ಆ ಡಬ್ಬಿಯ ಅನ್ನವೇ ಆಗಲಿ, ಅದು ಉದುರುದುರಾಗಿಯೂ ಬರುತ್ತದೆ.