ದೋಷ ಹುಟ್ಟುವ ಜಾಗ, ದೋಷ ಕಾಣುವ ಜಾಗ: ಗುಣಮಟ್ಟ ಮತ್ತು ಉತ್ಪಾದಕತೆ ಕುರಿತು ಅಧ್ಯಯನ ಟಿಪ್ಪಣಿ

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯನ್ನು, ಅಂದರೆ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆಯನ್ನು, ಕಲ್ಪಿಸಿಕೊಳ್ಳಿ. ಸೋಮವಾರ ಹೊಯ್ದ ವಾಲ್ವ್ ಬಾಡಿಯೊಳಗೆ ಒಂದು ಗಾಳಿತೂತು ಉಳಿದಿದೆ. ಅದು ಕಣ್ಣಿಗೆ ಬೀಳುವುದು ಗುರುವಾರ, ಮಷಿನ್ ಶಾಪಿನಲ್ಲಿ ಬೋರ್ ಹೊಡೆಯುವಾಗ. ಅಷ್ಟರಲ್ಲಿ ಕಬ್ಬಿಣ ಕರಗಿಸಿದ ಕರೆಂಟು, ಮೌಲ್ಡಿಂಗ್ ಕೂಲಿ, ಶಾಟ್ ಬ್ಲಾಸ್ಟಿಂಗ್, ಫೆಟ್ಲಿಂಗ್, ಮಷಿನ್ ಸಮಯ ಎಲ್ಲವೂ ಆ ತುಂಡಿನ ಮೇಲೆ ಖರ್ಚಾಗಿ ಹೋಗಿರುತ್ತದೆ. ಆ ತೂತಿಗೆ ಕಾರಣವಾದ ಅಚ್ಚಿನ ಮರಳು ಈ ನಾಲ್ಕು ದಿನದಲ್ಲಿ ಎಷ್ಟೋ ಸಲ ಸುತ್ತು ಹಾಕಿ ಬಂದಿರುತ್ತದೆ. ಪರೀಕ್ಷಿಸೋಣವೆಂದರೆ ಆವತ್ತಿನ ಮರಳು ಈಗ ಇಲ್ಲ.

ಗುಣಮಟ್ಟ ಮತ್ತು ಉತ್ಪಾದಕತೆಯ ನಂಟನ್ನು ಬೇರೆ ಬೇರೆ ಉದ್ಯಮಗಳಲ್ಲಿ ಹೋಲಿಸಿ ಓದುವವರು ಮೊದಲು ಹಿಡಿಯಬೇಕಾದ ಎಳೆ ಇದೇ. ದೋಷ ಎಲ್ಲಿ ಹುಟ್ಟುತ್ತದೆ, ಎಲ್ಲಿ ಕಾಣುತ್ತದೆ, ನಡುವೆ ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಎಷ್ಟು ಖರ್ಚು ಸೇರಿತು? ಫೌಂಡ್ರಿಯ ರಿಜೆಕ್ಷನ್ ಶೇಕಡಾವನ್ನು ಸಕ್ಕರೆ ಕಾರ್ಖಾನೆಯ ನಷ್ಟದ ಶೇಕಡಾದ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಈ ಅಂತರವನ್ನು ಮಾತ್ರ ಎಲ್ಲ ಉದ್ಯಮಗಳಲ್ಲೂ ಹೋಲಿಸಬಹುದು.

ಮೊದಲು ಲೆಕ್ಕ

ಉತ್ಪಾದಕತೆ ಎಂದರೆ ಬಂದದ್ದನ್ನು ಹಾಕಿದ್ದರಿಂದ ಭಾಗಿಸುವುದು. ತಪ್ಪು ಆಗುವುದು 'ಬಂದದ್ದು' ಎಂಬಲ್ಲಿ. ಒಂದೇ ಸಲಕ್ಕೆ ಸರಿಯಾಗಿ ಬಂದ ಮಾಲನ್ನಷ್ಟೇ ಅಲ್ಲಿ ಎಣಿಸಬೇಕು. ವೆಲ್ಡ್ ತುಂಬಿ, ಮತ್ತೆ ಗ್ರೈಂಡ್ ಮಾಡಿ ಪಾಸಾದ ತುಂಡನ್ನು ಒಳ್ಳೆಯದರ ಲೆಕ್ಕಕ್ಕೆ ಸೇರಿಸಿದರೆ ಆ ಕೂಲಿ, ಆ ಸಮಯ ಎಲ್ಲೂ ಕಾಣದೆ ಮುಚ್ಚಿಹೋಗುತ್ತದೆ. ನಾಲ್ಕು ಹಂತದ ಕೆಲಸದಲ್ಲಿ ಪ್ರತಿ ಹಂತದಲ್ಲೂ 100ಕ್ಕೆ 95 ಸರಿ ಬಂದರೆ ಚೆನ್ನಾಗಿಯೇ ನಡೆದಿದೆ ಅನಿಸುತ್ತದೆ. ಗುಣಿಸಿ ನೋಡಿ: 0.95 × 0.95 × 0.95 × 0.95 = 0.8145. ರಿಪೇರಿ ಇಲ್ಲದೆ ಕೊನೆ ಮುಟ್ಟುವುದು 81 ಮಾತ್ರ. ಉಳಿದ 19ಕ್ಕಾಗಿ ಅದೇ ಶೆಡ್ಡಿನೊಳಗೆ ಇನ್ನೊಂದು ಕಾರ್ಖಾನೆ ನಡೆಯುತ್ತಿರುತ್ತದೆ.

ಫೌಂಡ್ರಿಗೆ ಇದನ್ನೇ ಹಚ್ಚೋಣ. ಕರಗಿಸಿದ ಲೋಹದಲ್ಲಿ ಶೇ. 60 ಕಾಸ್ಟಿಂಗ್ (ಎರಕದ ತುಂಡು) ಆಗುತ್ತದೆ, ಉಳಿದದ್ದು ರನ್ನರ್, ರೈಸರ್‌ಗೆ, ಅಂದರೆ ಅಚ್ಚಿಗೆ ಲೋಹ ಉಣಿಸುವ ದಾರಿಗಳಿಗೆ ಹೋಗುತ್ತದೆ ಎಂದುಕೊಳ್ಳಿ. ರಿಜೆಕ್ಷನ್ ಶೇ. 8. ಆಗ ಪ್ರತಿ ಕಿಲೋ ಲೋಹಕ್ಕೆ ಒಳ್ಳೆಯ ಮಾಲು 0.60 × 0.92 = 0.552 ಕಿಲೋ. ಒಂದು ಟನ್ ಒಳ್ಳೆಯ ಮಾಲಿಗೆ 1,812 ಕಿಲೋ ಕರಗಿಸಬೇಕು. ರಿಜೆಕ್ಷನ್ ಶೇ. 4ಕ್ಕೆ ಇಳಿದರೆ 1,736 ಕಿಲೋ ಸಾಕು. ಟನ್ನಿಗೆ 76 ಕಿಲೋ ಕಡಿಮೆ ಕರಗಿಸಿದಂತಾಯಿತು. ಟನ್ ಲೋಹಕ್ಕೆ 600 ಯೂನಿಟ್ ಕರೆಂಟು ಹಿಡಿದರೂ 45 ಯೂನಿಟ್ ಉಳಿಯಿತು. ಹೊಸ ಫರ್ನೇಸ್ ತರಲಿಲ್ಲ, ಆಳು ಹೆಚ್ಚಿಸಲಿಲ್ಲ. ಗುಣಮಟ್ಟ ಹೆಚ್ಚಿಸಿದರೆ ಉತ್ಪಾದನೆ ಕುಂಠಿತವಾಗುತ್ತದೆ ಎನ್ನುವವರಿಗೆ ತೋರಿಸಬೇಕಾದ ಲೆಕ್ಕ ಇದು.

ಮರಳಿನ ಹದ

ಗ್ರೀನ್ ಸ್ಯಾಂಡ್ ಮೌಲ್ಡಿಂಗಿನಲ್ಲಿ, ಅಂದರೆ ಹಸಿ ಮರಳಿನ ಅಚ್ಚಿನಲ್ಲಿ, ತೇವಾಂಶ ಸಾಮಾನ್ಯವಾಗಿ ಶೇ. 3ರಿಂದ 4ರೊಳಗೆ ಇರುತ್ತದೆ. ಹೆಚ್ಚಾದರೆ ಏನಾಗುತ್ತದೆ? ಒಂದು ಮಿಲಿಲೀಟರ್ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ, ಅದೂ 100 ಡಿಗ್ರಿಯಲ್ಲಿ. 1,400 ಡಿಗ್ರಿ ಹತ್ತಿರದ ಬೀಡುಕಬ್ಬಿಣ ಮುಟ್ಟಿದಾಗ ಇನ್ನೂ ಹೆಚ್ಚು. ಮರಳಿನ ಸಂದುಗಳಿಂದ ಆವಿ ಹೊರಹೋಗದಿದ್ದರೆ ಲೋಹದೊಳಕ್ಕೇ ನುಗ್ಗುತ್ತದೆ. ತೇವ ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಲೋಹದಲ್ಲಿ ಸೇರುತ್ತದೆ. ಎರಡಕ್ಕೂ ರಿಜಿಸ್ಟರಿನಲ್ಲಿ 'ರಿಜೆಕ್ಟ್' ಎಂದಷ್ಟೇ ಬರೆದಿದ್ದರೆ ಒಂದಕ್ಕೊಂದು ವಿರುದ್ಧವಾದ ಎರಡು ಕಾರಣ ಒಂದೇ ಸಾಲಿನಲ್ಲಿ ಕೂತಿರುತ್ತವೆ. ದೋಷದ ಜಾತಿ ಬರೆಯದ ರಿಜಿಸ್ಟರು ಸಂಶೋಧನೆಗೆ ಉಪಯೋಗವಿಲ್ಲ.

ಇನ್ನೊಂದು ಸಂಗತಿ ಬೇಸಿಗೆಯದು. ತಿರುಗಿ ಬರುವ ಮರಳು 50 ಡಿಗ್ರಿ ದಾಟಿದ್ದರೆ ಮರಳು ಕಲಸುವ ಮಿಲ್ಲರಿನಲ್ಲಿ ಸರಿಯಿದ್ದ ತೇವ ಮೌಲ್ಡಿಂಗ್ ಜಾಗಕ್ಕೆ ಬರುವಷ್ಟರಲ್ಲಿ ಹಾರಿಹೋಗುತ್ತದೆ. ತಣ್ಣಗಿರುವ ಪ್ಯಾಟರ್ನಿನ (ಮರಳಿನಲ್ಲಿ ಆಕಾರ ಮೂಡಿಸುವ ಮಾದರಿಯ) ಮೇಲೆ ಅದೇ ಆವಿ ಬೆವರಿನಂತೆ ಕೂತು ಮರಳನ್ನು ಅಂಟಿಸುತ್ತದೆ. ಆದ್ದರಿಂದ ಮಾದರಿ ತೆಗೆಯುವಾಗ ಎರಡು ಕಡೆ ತೆಗೆಯಬೇಕು: ಮಿಲ್ಲರಿನ ಬಾಯಲ್ಲಿ ಒಂದು, ಮೌಲ್ಡಿಂಗ್ ಹಾಪರಿನ ಕೆಳಗೆ ಒಂದು. ಎರಡನೇ ಶಿಫ್ಟಿನಲ್ಲಿ ದೋಷ ಜಾಸ್ತಿಯಾದರೆ ಆಳುಗಳ ನಿದ್ದೆಯನ್ನು ದೂರುವ ಮುಂಚೆ ಮರಳಿಗೆ ಥರ್ಮಾಮೀಟರ್ ಇಡಿ. ದಿನವಿಡೀ ಸುತ್ತಿದ ಮರಳಿಗೆ ಆರಲು ಸಮಯ ಸಿಕ್ಕಿರುವುದಿಲ್ಲ.

ಗುರುವಾರದ ತೂತನ್ನು ಸೋಮವಾರದ ಮರಳಿಗೆ ಜೋಡಿಸುವುದಕ್ಕೆ ಕಾಸ್ಟಿಂಗಿನ ಮೈಮೇಲೆ ಗುರುತು ಬೇಕು. ಪ್ಯಾಟರ್ನಿನಲ್ಲಿ ಬದಲಾಯಿಸಬಹುದಾದ ಚಿಕ್ಕ ಬಿಲ್ಲೆ ಕೂರಿಸಿ ತಾರೀಖು, ಶಿಫ್ಟ್, ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಎಂಬ ಸಂಖ್ಯೆ) ಮೂಡಿಸಬೇಕು. ಮಷಿನಿಂಗಿನಲ್ಲಿ ಕತ್ತರಿಸಿ ಹೋಗದ ಮುಖದ ಮೇಲೆ ಅದಿರಬೇಕು. ಈ ಒಂದು ಬಿಲ್ಲೆ ಇಲ್ಲದ ಕಡೆ ಎಷ್ಟು ದುಬಾರಿ ಸಾಫ್ಟ್‌ವೇರ್ ಹಾಕಿದರೂ ಕಾರಣ ಸಿಗುವುದಿಲ್ಲ.

ಯಾವ ದಿನ ನಿಜವಾಗಿ ಕೆಟ್ಟ ದಿನ?

1924ರಲ್ಲಿ ಅಮೆರಿಕದ ವಾಲ್ಟರ್ ಶ್ಯೂಹಾರ್ಟ್ ರೂಪಿಸಿದ ನಿಯಂತ್ರಣ ನಕ್ಷೆ ಈ ಪ್ರಶ್ನೆಗೆ ಉತ್ತರ. ದಿನದಿನದ ಅಂಕಿ ಮೇಲಿನ, ಕೆಳಗಿನ ಎರಡು ಗೆರೆಗಳ ನಡುವೆ ಇದೆಯೇ ಎಂದು ಅದು ತೋರಿಸುತ್ತದೆ. ಪರೀಕ್ಷೆಗೆ ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಒಂದು ಲೆಕ್ಕ ಕೈಯಾರೆ ಮಾಡಿ. ದಿನಕ್ಕೆ 200 ಕಾಸ್ಟಿಂಗ್, ಸರಾಸರಿ ರಿಜೆಕ್ಷನ್ ಶೇ. 6, ಅಂದರೆ 12 ತುಂಡು. ಪ್ರಮಾಣಿತ ವಿಚಲನೆ: 0.06 × 0.94 ÷ 200 ಇದರ ವರ್ಗಮೂಲ, ಅಂದರೆ 0.0168. ಅದರ ಮೂರು ಪಟ್ಟು 0.0504. ಮೇಲಿನ ಗೆರೆ 0.1104, ಕೆಳಗಿನ ಗೆರೆ 0.0096. ತುಂಡುಗಳಲ್ಲಿ ಹೇಳುವುದಾದರೆ 2ರಿಂದ 22.

ಅಂದರೆ ಒಂದು ದಿನ 7, ಮರುದಿನ 18 ಬಂದರೂ ಪ್ರಕ್ರಿಯೆಯಲ್ಲಿ ಏನೂ ಬದಲಾಗಿರಬೇಕಾಗಿಲ್ಲ. 18 ಬಂದ ದಿನ ಸೂಪರ್‌ವೈಸರ್ ಬೈದು, ಮರುದಿನ 11ಕ್ಕೆ ಇಳಿದರೆ ಬೈದದ್ದರಿಂದಲೇ ಇಳಿಯಿತು ಅನಿಸುತ್ತದೆ. ಬೈಯದಿದ್ದರೂ ಇಳಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು, 18ಕ್ಕೆ ಹೆದರಿ ಮರಳಿನ ಮಿಶ್ರಣ ಬದಲಿಸುವುದು. ಸರಿಯಿದ್ದ ಪ್ರಕ್ರಿಯೆಯನ್ನು ಕೆದಕಿ ಏರುಪೇರು ಹೆಚ್ಚಿಸಿದಂತೆ. 24 ಬಂದ ದಿನ ಮಾತ್ರ ಕೆಲಸ ನಿಲ್ಲಿಸಿ ಹುಡುಕಬೇಕು. ಸರಾಸರಿ 12 ಎಂಬುದನ್ನೇ ಇಳಿಸಬೇಕೆಂದರೆ ದಿನನಿತ್ಯದ ಗದರಿಕೆಯಿಂದ ಆಗದು, ಪ್ಯಾಟರ್ನ್, ಗೇಟಿಂಗ್ (ಲೋಹ ಒಳಹೋಗುವ ದಾರಿ), ಮರಳಿನ ವ್ಯವಸ್ಥೆಯನ್ನೇ ಮುಟ್ಟಬೇಕು.

ಒಂದು ಎಚ್ಚರಿಕೆ. ಪ್ರತಿ ತುಂಡೂ ಬಿಡಿಯಾಗಿ ಕೆಡುತ್ತದೆ ಎಂದು ಈ ಸೂತ್ರ ಊಹಿಸುತ್ತದೆ. ಫೌಂಡ್ರಿಯಲ್ಲಿ ಒಂದು ಹೀಟ್ ಕೆಟ್ಟರೆ ಅದರ ತುಂಡುಗಳೆಲ್ಲ ಒಟ್ಟಿಗೆ ಕೆಡುತ್ತವೆ. ಆಗ ನಿಜವಾದ ಏರುಪೇರು ಸೂತ್ರ ಹೇಳುವುದಕ್ಕಿಂತ ಹೆಚ್ಚು, ಗೆರೆ ದಾಟುವ ಚುಕ್ಕೆಗಳೂ ಜಾಸ್ತಿ. ಇಂಥಲ್ಲಿ ದಿನವಾರು ಬದಲು ಹೀಟ್‌ವಾರು ನಕ್ಷೆ ಬರೆಯುವುದು ಒಳ್ಳೆಯದು.

ಸಕ್ಕರೆ: ಪಕ್ಕಕ್ಕಿಡಲು ತುಂಡೇ ಇಲ್ಲ

ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ ಭಾಗದ ಕಾರ್ಖಾನೆಗಳಲ್ಲಿ ದೋಷ ಹುಟ್ಟುವುದು ಗೇಟಿನ ಹೊರಗೆ, ಹೊಲದಲ್ಲಿ. ಕಬ್ಬು ಕಡಿದ ಕ್ಷಣದಿಂದಲೇ ಸುಕ್ರೋಸ್ ಒಡೆಯಲು ಶುರುವಾಗುತ್ತದೆ. ಲ್ಯೂಕೊನಾಸ್ಟಾಕ್ ಬ್ಯಾಕ್ಟೀರಿಯಾ ಕಡಿದ ತುದಿಗಳಿಂದ ಒಳಹೊಕ್ಕು ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟಾಗಿ ಮಾಡುತ್ತದೆ. ಇಲ್ಲಿ ನಷ್ಟ ಎರಡು ಸಲ. ಸಕ್ಕರೆ ಹೋಯಿತು, ಮೇಲಾಗಿ ಆ ಅಂಟಿನಿಂದ ರಸ ಮಂದವಾಗಿ ಪ್ಯಾನಿನಲ್ಲಿ ಹರಳು ಕಟ್ಟಲು ಹೆಚ್ಚು ಹೊತ್ತು ಬೇಕಾಯಿತು. ಪ್ಯಾನ್ ನಿಧಾನವಾದರೆ ಗಿರಣಿ ನಿಧಾನ, ಗಿರಣಿ ನಿಧಾನವಾದರೆ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲು ಉದ್ದ, ಸಾಲು ಉದ್ದವಾದರೆ ಕಬ್ಬು ಇನ್ನಷ್ಟು ಹಳಸು. ಗುಣಮಟ್ಟದ ತೊಂದರೆ ಉತ್ಪಾದಕತೆಯ ತೊಂದರೆಯಾಗಿ, ಅದು ಮತ್ತೆ ಗುಣಮಟ್ಟಕ್ಕೇ ಸುತ್ತಿಕೊಳ್ಳುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದ್ಯಮ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ.

ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಯಲ್ಲಿ ಇಳುವರಿ, ಅಂದರೆ 100 ಕಿಲೋ ಕಬ್ಬಿಗೆ ಸಿಗುವ ಸಕ್ಕರೆ, 0.1 ಕಿಲೋ ಏರಿದರೆ ದಿನಕ್ಕೆ 5 ಟನ್, ಅಂದರೆ 50 ಕಿಲೋದ 100 ಚೀಲ. ಕಬ್ಬಿನೊಂದಿಗೆ ರವದಿ (ಕಬ್ಬಿನ ಒಣ ಎಲೆ), ಮಣ್ಣು ಬಂದರೆ ಅಷ್ಟೇ ಸುಲಭವಾಗಿ ಅದು ಇಳಿಯುತ್ತದೆ. ರವದಿ ತಾನು ಸಕ್ಕರೆ ಕೊಡುವುದಿಲ್ಲ, ಸಿಪ್ಪೆಯ ಪ್ರಮಾಣ ಹೆಚ್ಚಿಸಿ ಅದರ ಜೊತೆ ರಸವನ್ನೂ ಒಯ್ಯುತ್ತದೆ. ಇಲ್ಲಿ ಅರ್ಥಶಾಸ್ತ್ರದ ಒಂದು ಗಂಟೂ ಇದೆ. ಎಫ್‌ಆರ್‌ಪಿ ದರ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿಪಡಿಸುವ ದರ, ಕಾರ್ಖಾನೆಯ ಸರಾಸರಿ ಇಳುವರಿಗೆ ಹೊಂದಿಕೊಂಡಿದೆ, ಒಬ್ಬೊಬ್ಬ ರೈತನ ಕಬ್ಬಿನ ಇಳುವರಿಗಲ್ಲ. ರವದಿ ಸುಲಿದು ತಾಜಾ ಕಬ್ಬು ತಂದವನಿಗೂ ಎರಡು ದಿನದ ಕಬ್ಬು ತಂದವನಿಗೂ ಟನ್ನಿಗೆ ಒಂದೇ ದರ. ದೋಷ ಹುಟ್ಟುವ ಜಾಗದಲ್ಲಿ ಇರುವವನಿಗೆ ಅದನ್ನು ತಡೆದರೆ ಪ್ರತಿಫಲವಿಲ್ಲ. ಇದನ್ನು ಬಿಟ್ಟು ಕಾರ್ಖಾನೆಯೊಳಗಿನ ಗುಣಮಟ್ಟ ವ್ಯವಸ್ಥೆಯನ್ನಷ್ಟೇ ಅಳೆದ ಅಧ್ಯಯನ ಅರ್ಧ ಅಧ್ಯಯನ.

ಕಾರ್ಖಾನೆಯ ದಿನವಹಿ ವರದಿಯಲ್ಲಿ ಸಿಪ್ಪೆ, ಪ್ರೆಸ್‌ಮಡ್ (ರಸ ಸೋಸಿದಾಗ ಉಳಿಯುವ ಮಡ್ಡಿ), ಕಾಕಂಬಿ ಈ ಮೂರರಲ್ಲಿ ಹೋದ ಸಕ್ಕರೆಯ ಲೆಕ್ಕ ಇರುತ್ತದೆ. ನಾಲ್ಕನೆಯದು ಅನಿರ್ಧರಿತ ನಷ್ಟ. ಅದು ಸೊನ್ನೆಗಿಂತ ಕೆಳಗೆ ಹೋಗಿದ್ದರೆ ಖುಷಿಪಡಬೇಡಿ. ತೂಕದ ಕಾಟಾ ಅಥವಾ ರಸದ ಮಾದರಿ ತೆಗೆದ ಕ್ರಮ ತಪ್ಪಿದೆ ಎಂದೇ ಅರ್ಥ. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಈ ವಿಷಯ ಆಯ್ದುಕೊಂಡವರು ಪ್ರಶ್ನೆ ಹೊತ್ತು ಅಲ್ಲಿಗೆ ಹೋಗಬಹುದು.

ಒಣದ್ರಾಕ್ಷಿ: ತೊಟ್ಟಿಯಲ್ಲಿ ಹುಟ್ಟಿ ಹದಿನೈದನೇ ದಿನ ಕಾಣುವುದು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ಮಣೂಕ (ಒಣದ್ರಾಕ್ಷಿ) ಶೆಡ್ಡುಗಳೂ ಉದ್ಯಮವೇ, ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ. ಮೊದಲ ಲೆಕ್ಕ ಕೊಯ್ಲಿನದು. ಹಣ್ಣಿನಲ್ಲಿ ಬ್ರಿಕ್ಸ್ (ರಸದಲ್ಲಿ ಕರಗಿದ ಸಕ್ಕರೆ ಮುಂತಾದವುಗಳ ಶೇಕಡಾ) 18 ಇದ್ದಾಗ ಕೊಯ್ದರೆ 100 ಕಿಲೋ ಹಣ್ಣಿಗೆ ಸುಮಾರು 18 ಕಿಲೋ ಗಟ್ಟಿ ಅಂಶ. ಶೇ. 15 ತೇವಾಂಶದ ಒಣದ್ರಾಕ್ಷಿಗೆ 18 ÷ 0.85 = 21.2 ಕಿಲೋ. 22 ಬ್ರಿಕ್ಸ್‌ಗೆ ಕಾದರೆ 25.9 ಕಿಲೋ. ಶೆಡ್ಡು, ಆಳು, ರ‍್ಯಾಕು ಅಷ್ಟೇ ಇದ್ದು ಮಾಲು ಐದನೇ ಒಂದು ಭಾಗಕ್ಕಿಂತ ಹೆಚ್ಚಾಯಿತು. ಬಣ್ಣ, ರುಚಿ, ತಿರುಳು ಸುಧಾರಿಸಿದ್ದು ಬೇರೆ.

ಅದ್ದುವ ದ್ರಾವಣದ ರೂಢಿಯ ಅಳತೆ 100 ಲೀಟರ್ ನೀರಿಗೆ 2.5 ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, 1.5 ಲೀಟರ್ ಡಿಪ್ಪಿಂಗ್ ಆಯಿಲ್. ಮೊದಲು ಕಾರ್ಬೊನೇಟ್ ಪೂರ್ತಿ ಕರಗಬೇಕು. ಆಮೇಲೆ ಎಣ್ಣೆಯನ್ನು ಸಣ್ಣಗೆ ಸುರಿಯುತ್ತ ಹಾಲಿನ ಬಣ್ಣ ಬರುವ ತನಕ ಕಲಕಬೇಕು. ಹಣ್ಣನ್ನು 2ರಿಂದ 4 ನಿಮಿಷ ಅದ್ದಿದರೆ ಸಿಪ್ಪೆಯ ಮೇಣದ ಪದರ ಸಡಿಲಾಗಿ ಒಳಗಿನ ನೀರಿಗೆ ದಾರಿಯಾಗುತ್ತದೆ. ಇಲ್ಲಿ ಕೆಡುವುದು ಹೀಗೆ: ಬೆಳಗ್ಗೆ ಕಲಸಿದ ದ್ರಾವಣ ಕ್ರೇಟಿನ ಮೇಲೆ ಕ್ರೇಟು ಅದ್ದಿದಂತೆ ಸತ್ವ ಕಳೆದುಕೊಳ್ಳುತ್ತದೆ, ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ. ಬೆಳಗಿನ ಹಣ್ಣು ಒಣಗಿದ ದಿನ ಸಂಜೆಯ ಹಣ್ಣು ಇನ್ನೂ ಹಸಿಯಿರುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಿದರೆ ಒಂದು ಗಟ್ಟಿ, ಇನ್ನೊಂದು ಮೆತ್ತಗೆ. ಕೋಲ್ಡ್ ಸ್ಟೋರೇಜಿನಲ್ಲಿ ಆ ಮೆತ್ತಗಿನವು ಪೆಟ್ಟಿಗೆಯನ್ನೇ ಕೆಡಿಸುತ್ತವೆ. ಶೆಡ್ಡಿನ ಗಾಳಿಯನ್ನೋ ಅಕಾಲಿಕ ಮಳೆಯನ್ನೋ ದೂರುತ್ತಾರೆ. ತೊಟ್ಟಿಯ ಪಕ್ಕ ಪಿಎಚ್ ಕಾಗದ, ಅದ್ದಿದ ಕ್ರೇಟಿನ ಎಣಿಕೆ, ರ‍್ಯಾಕಿಗೆ ಕಟ್ಟಿದ ಒಂದು ಚೀಟಿ ಇದ್ದರೆ ಹದಿನೈದು ದಿನದ ಅಂತರ ಕೆಲವು ನಿಮಿಷಕ್ಕೆ ಇಳಿಯುತ್ತದೆ.

ಇಳಕಲ್ ಸೀರೆಯಲ್ಲಿ ಅಂತರ ಇನ್ನೂ ಉದ್ದ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕೆಲಸದ ತಪ್ಪು ನೇಕಾರನ ಕಣ್ಣಿಗೆ ತಕ್ಷಣ ಬೀಳುತ್ತದೆ, ಅಲ್ಲೇ ಸರಿಯಾಗುತ್ತದೆ. ಬಣ್ಣದ ತಪ್ಪು ಮಾತ್ರ ಗಿರಾಕಿಯ ಮನೆಯಲ್ಲಿ ಮೊದಲ ಒಗೆತಕ್ಕೆ ಕಾಣುತ್ತದೆ. ಬಣ್ಣ ಹಾಕಿದ ಪ್ರತಿ ಲಾಟಿನಿಂದ ಒಂದಿಷ್ಟು ನೂಲನ್ನು ಬಿಳಿ ಅರಿವೆಯ ಜೊತೆ ಬಿಸಿ ಸಾಬೂನು ನೀರಿನಲ್ಲಿ ತೊಳೆದು ನೋಡುವುದು ಹಾಸು ಹೂಡುವ ಮೊದಲೇ ಆಗಬೇಕು.

ಅಳತೆಯನ್ನೇ ಮೊದಲು ಅಳೆಯಿರಿ

ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ನಡೆಯುವ ವಿಮಾನ ಬಿಡಿಭಾಗಗಳಂಥ ಕೆಲಸದಲ್ಲಿ ಅಳತೆಯೇ ಮೋಸ ಮಾಡಬಹುದು. ಉದ್ದಳತೆಯ ಪ್ರಮಾಣಿತ ಉಷ್ಣಾಂಶ 20 ಡಿಗ್ರಿ. 250 ಮಿ.ಮೀ. ಅಲ್ಯೂಮಿನಿಯಂ ತುಂಡು 35 ಡಿಗ್ರಿಯಲ್ಲಿ ಸುಮಾರು 0.086 ಮಿ.ಮೀ. ಹಿಗ್ಗಿರುತ್ತದೆ. ಉಕ್ಕಿನ ಗೇಜು 0.043. ಒಂದೇ ಕೋಣೆಯಲ್ಲಿಟ್ಟು ಅಳೆದರೂ 0.043 ಮಿ.ಮೀ. ತಪ್ಪು ಉಳಿಯಿತು. ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ±0.02 ಇದ್ದರೆ ಒಳ್ಳೆಯದೆಲ್ಲ ರಿಜೆಕ್ಟ್, ಪಾಸಾದದ್ದೆಲ್ಲ ಕೆಟ್ಟದ್ದು.

ಸಂಶೋಧನೆ ಹೂಡುವ ರೀತಿ

ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಮ್ಯಾನೇಜರರಿಗೆ ಐದು ಅಂಕದ ಪ್ರಶ್ನಾವಳಿ ಕೊಟ್ಟು, ಕ್ರೋನ್‌ಬಾಕ್ ಆಲ್ಫಾ 0.7 ದಾಟಿತೆಂದು ತೃಪ್ತಿಪಡುತ್ತಾರೆ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಆಲ್ಫಾ ಹೇಳುತ್ತದೆ, ಉತ್ತರ ನಿಜವೆಂದಲ್ಲ. ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಪ್ರಮಾಣಪತ್ರ ಪಡೆದ ಘಟಕಗಳ ಉತ್ಪಾದಕತೆ ಹೆಚ್ಚಿದೆ ಎಂದು ಕಂಡರೂ ಆತುರ ಬೇಡ. ಚೆನ್ನಾಗಿ ನಡೆಯುವ ಘಟಕಗಳೇ ಪ್ರಮಾಣಪತ್ರಕ್ಕೆ ಹೋಗಿರಬಹುದು. ಪಡೆಯುವ ಮುಂಚಿನ ಮತ್ತು ನಂತರದ ಅಂಕಿ ಬೇಕು, ಅದೇ ಅವಧಿಯಲ್ಲಿ ಪಡೆಯದ ಘಟಕಗಳ ಅಂಕಿಯೂ ಬೇಕು.

ಈ ಕಷ್ಟವನ್ನು ಗೆದ್ದ ಅಧ್ಯಯನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರದು, 2013ರಲ್ಲಿ ಪ್ರಕಟವಾದದ್ದು. ಮುಂಬೈ ಆಸುಪಾಸಿನ ಜವಳಿ ಕಾರ್ಖಾನೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ದೋಷ ದಾಖಲಿಸುವುದು, ದಾಸ್ತಾನು ಜೋಡಿಸುವುದು ಮುಂತಾದ ಪದ್ಧತಿಗಳನ್ನು ಕಲಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17 ಏರಿತು. ವರ್ಷಗಳ ನಂತರ ಮತ್ತೆ ಹೋಗಿ ನೋಡಿದಾಗ ಅಳವಡಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಆದರೂ ಉಳಿದ ಕಾರ್ಖಾನೆಗಳಿಗಿಂತ ಅವು ಮುಂದಿದ್ದವು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಕೆಲಸ ಮಾಡುವವರು ಪ್ರತಿ ದೋಷಕ್ಕೂ ಒಂದು ಸಾಲು ಬರೆಯಲಿ: ದೋಷದ ಜಾತಿ, ಹುಟ್ಟಿದ ಹಂತ, ಕಂಡ ಹಂತ, ನಡುವಿನ ಗಂಟೆ, ಆ ತನಕ ಸೇರಿದ ಖರ್ಚು. ಕಾಲವನ್ನೂ ನೋಡಿಕೊಳ್ಳಿ. ಕಬ್ಬಿಗೆ ನವೆಂಬರಿನಲ್ಲಿ ಹೋಗಬೇಕು, ಮಾರ್ಚ್ ಕಳೆದರೆ ಗಿರಣಿ ನಿಂತಿರುತ್ತದೆ. ಮಣೂಕಕ್ಕೆ ಫೆಬ್ರುವರಿಯಿಂದ ಏಪ್ರಿಲ್. ಫೌಂಡ್ರಿಗೆ ಜನವರಿಯಲ್ಲಿ ಒಂದು ವಾರ, ಮೇ ತಿಂಗಳಲ್ಲಿ ಒಂದು ವಾರ, ಎರಡೂ ಸಲ ಎರಡನೇ ಶಿಫ್ಟಿನಲ್ಲಿ, ಥರ್ಮಾಮೀಟರ್ ಹಿಡಿದುಕೊಂಡು.