ಕೋಲ್ಡ್ ಸ್ಟೋರೇಜ್

ಹುಬ್ಬಳ್ಳಿಯ ಫೋಟೊ ಸ್ಟುಡಿಯೊಗಳು ಮದುವೆ ಪ್ಯಾಕೇಜಿನ ಜತೆ ಈಗ ಇದನ್ನೂ ಮಾರತೊಡಗಿವೆ: 'ನಿಮ್ಮ ವಿಡಿಯೊ ಕೋಲ್ಡ್ ಸ್ಟೋರೇಜ್‌ನಲ್ಲಿ ಭದ್ರ, ಕೇಳಿದ ತಕ್ಷಣ ಲಭ್ಯ.' ಭದ್ರ, ಒಪ್ಪಿದೆ. ಈ 'ತಕ್ಷಣ' ಎಲ್ಲಿಂದ ಬಂತು?

ಬ್ಯಾಡಗಿ ಸೀಮೆಯವರಿಗೆ ಈ ಪದ ಹೊಸದಲ್ಲ. ಮೆಣಸಿನಕಾಯಿಯ ಬಣ್ಣ ಹೋಗಬಾರದು, ದರ ಏರುವತನಕ ಕಾಯಬೇಕು ಎಂದು ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ಅಲ್ಲಿ ಥಂಡಿ ಅಂದರೆ ಥಂಡಿಯೇ. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ದೂರದ ಸರ್ವರ್‌ಗಳಲ್ಲಿ, ಹಾಗಲ್ಲ. ಇಲ್ಲಿ 'ಕೋಲ್ಡ್' ಆಗಿರುವುದು ಡೇಟಾ, ಗೋದಾಮಲ್ಲ: ದಿನಾ ಕೈಯಾಡಿಸುವುದು ಹಾಟ್, ತಿಂಗಳುಗಟ್ಟಲೆ ಯಾರೂ ಮುಟ್ಟದ್ದು ಕೋಲ್ಡ್. ಸರ್ವರ್ ಕೋಣೆಯ ಏಸಿ ಎರಡಕ್ಕೂ ಬೇಕು. 2012ರಲ್ಲಿ ಅಮೆಜಾನ್ ತನ್ನ ಇಂಥ ಸೇವೆಗೆ 'ಗ್ಲೇಸಿಯರ್' ಎಂದು ಹಿಮನದಿಯ ಹೆಸರಿಟ್ಟು ಗೊಂದಲಕ್ಕೆ ಇನ್ನಷ್ಟು ನೀರೆರೆಯಿತು.

ಮುಟ್ಟುವುದಿಲ್ಲ ಎಂದು ನೀವು ಕೊಡುವ ಮಾತಿಗೆ ಸಿಗುವ ರಿಯಾಯಿತಿಯೇ ಇದರ ಅಗ್ಗದ ದರ. ಅಮೆರಿಕದ ಹಲವು ಸರ್ವರ್ ವಲಯಗಳಲ್ಲಿ ಅಮೆಜಾನ್‌ನ ಸಾಮಾನ್ಯ ಕ್ಲೌಡ್ ಸಂಗ್ರಹವಾದ ಎಸ್3ಯಲ್ಲಿ ಒಂದು ಟಿಬಿಗೆ (ಸುಮಾರು ಸಾವಿರ ಜಿಬಿ) ತಿಂಗಳಿಗೆ ಸುಮಾರು 23 ಡಾಲರ್; ಅದರ ಅತಿ ಅಗ್ಗದ ಕೋಲ್ಡ್ ಸ್ಟೋರೇಜಾದ ಡೀಪ್ ಆರ್ಕೈವ್‌ನಲ್ಲಿ ಸುಮಾರು 1 ಡಾಲರ್. ಮಾತು ಮುರಿದರೆ? ಫೈಲು ಕೈಗೆ ಬರಲು 12 ಗಂಟೆಯವರೆಗೆ, ಅಗ್ಗದ ದಾರಿ ಹಿಡಿದರೆ 48 ಗಂಟೆಯವರೆಗೆ. ಆ ಟಿಬಿಯನ್ನು ಇಂಟರ್ನೆಟ್ ಮೂಲಕ ಮನೆಗೆ ಇಳಿಸಿಕೊಳ್ಳಲು 80-90 ಡಾಲರ್, ಅಂದರೆ ಹೆಚ್ಚುಕಡಿಮೆ ಏಳು ವರ್ಷದ ಬಾಡಿಗೆ. 180 ದಿನದೊಳಗೆ ಅಳಿಸಿದರೂ ಉಳಿದ ದಿನಗಳ ಬಾಡಿಗೆ ಬಿಡುವುದಿಲ್ಲ. ಗೂಗಲ್‌ನ ಆರ್ಕೈವ್ ನಿಜಕ್ಕೂ ತಕ್ಷಣ ತೆರೆಯುತ್ತದೆ; ಆದರೆ ಅಲ್ಲಿ ಕನಿಷ್ಠ ಅವಧಿ 365 ದಿನ, ಓದಲು ಹೊರತೆಗೆದ ಪ್ರತಿ ಜಿಬಿಗೂ ಶುಲ್ಕ.

ಇದನ್ನೇ ಬ್ಯಾಕಪ್ ಎನ್ನುವವರೂ ಇದ್ದಾರೆ. ಅಲ್ರೀ, ಬ್ಯಾಕಪ್ ಅಂದರೆ ಬಳಕೆಯಲ್ಲಿರುವುದರ ನಕಲು, ಹಾರ್ಡ್ ಡಿಸ್ಕ್ ಕೈಕೊಟ್ಟ ದಿನವೇ ಬೇಕಾಗುವಂಥದ್ದು.

ಹಾಗಾಗಿ ಬೀಗರು ಇನ್ನೂ 'ಆ ಅಕ್ಷತೆ ಸೀನ್ ಸೇರಿಸ್ರಿ' ಅನ್ನುತ್ತಿರುವ ಮದುವೆಯ ಫುಟೇಜನ್ನು ಇಲ್ಲಿಗೆ ತಳ್ಳುವುದು ದಂಡ. ಆಲ್ಬಮ್ ಒಪ್ಪಿಸಿ, ಬಾಕಿ ಹಣ ಬಂದ ಮೇಲೆ ತಳ್ಳಿ. ಜಿಎಸ್‌ಟಿ ಲೆಕ್ಕ ಬರೆಯುವವರಿಗೆ ಇದು ಹೆಚ್ಚು ಒಗ್ಗುತ್ತದೆ: ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆ ಇಡಲೇಬೇಕು, ತೆರೆದು ನೋಡುವ ಪ್ರಸಂಗ ಅಪರೂಪ. ಆದರೆ ಬಿಲ್ಲುಗಳ ಸಾವಿರಾರು ಪಿಡಿಎಫ್‌ಗಳನ್ನು ಬಿಡಿಬಿಡಿಯಾಗಿ ಹಾಕಬೇಡಿ, ವರ್ಷಕ್ಕೊಂದು ಜಿಪ್ ಮಾಡಿ. ಡೀಪ್ ಆರ್ಕೈವ್ ಪ್ರತಿ ಫೈಲಿನ ಮೇಲೂ 40 ಕೆಬಿ ಹೆಚ್ಚುವರಿ ಲೆಕ್ಕ ಹಿಡಿಯುತ್ತದೆ.