ಬಾಟಲಿಯೊಳಗಿನ ಜಾತಕ

2017ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್ ಪಟ್ಟಣದ ಹೋಟೆಲೊಂದರಲ್ಲಿ ಚೀನಾದ ಲೇಖಕರೊಬ್ಬರು 9,999 ಸ್ವಿಸ್ ಫ್ರಾಂಕ್ ತೆತ್ತು ವಿಸ್ಕಿ ಕುಡಿದರು. ಇಡೀ ಬಾಟಲಿಗಲ್ಲ, 20 ಮಿಲಿಲೀಟರಿನ ಒಂದು ಗುಟುಕಿಗೆ ಆ ಬೆಲೆ. ಬಾಟಲಿಯ ಮೇಲೆ ಸ್ಕಾಟ್ಲೆಂಡಿನ ಹೆಸರಾಂತ ವಿಸ್ಕಿ ‘ಮೆಕಾಲನ್, 1878’ ಎಂದಿತ್ತು. ಫೋಟೊ ನೋಡಿದ ಬಲ್ಲವರಿಗೆ ಬಿರಡೆ ಮತ್ತು ಲೇಬಲ್ ಮೇಲೆ ಅನುಮಾನ ಬಂತು. ಮಾದರಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಶೇ. 95ರಷ್ಟು ಖಚಿತತೆಯಿಂದ ಬಂದ ಉತ್ತರ: ಈ ದ್ರವ ಹುಟ್ಟಿದ್ದು 1970 ಮತ್ತು 1972ರ ನಡುವೆ. ಹೋಟೆಲಿನವರು ಹಣ ಹಿಂತಿರುಗಿಸಿದರು. ಕುಡಿದವರ ನಾಲಿಗೆ ಮಾತ್ರ ಯಾವ ತಕರಾರನ್ನೂ ಎತ್ತಿರಲಿಲ್ಲ.

ಇಷ್ಟು ಕರಾರುವಾಕ್ಕಾಗಿ ವರ್ಷ ಹೇಳಿದ್ದು ಆ ವಿಸ್ಕಿಯ ಮೂಲಧಾನ್ಯವಾದ ಬಾರ್ಲಿ. ಪೈರು ಬೆಳೆಯುವಾಗ ಆ ವರ್ಷದ ಗಾಳಿಯ ಇಂಗಾಲವನ್ನು ಹೀರುತ್ತದೆ. ಅದರಲ್ಲಿ ಅತ್ಯಲ್ಪ ಪಾಲು ವಿಕಿರಣಶೀಲ ಇಂಗಾಲ-14. ಪಿಷ್ಟ ಸಕ್ಕರೆಯಾಗಿ, ಸಕ್ಕರೆ ಮದ್ಯಸಾರವಾಗಿ, ಭಟ್ಟಿ ಇಳಿದು ಪೀಪಾಯಿ ಸೇರಿದರೂ ಆ ಇಂಗಾಲ ಬದಲಾಗುವುದಿಲ್ಲ. ಅಂದರೆ ಪರೀಕ್ಷೆ ತಿಳಿಸುವುದು ಬಾಟಲಿಗೆ ತುಂಬಿದ ವರ್ಷವನ್ನಲ್ಲ, ಕೊಯ್ಲಿನ ವರ್ಷವನ್ನು.

ಇಂಗಾಲ-14 ಅರ್ಧದಷ್ಟು ಕರಗಲು ಸುಮಾರು 5,730 ವರ್ಷ ಬೇಕು. 140 ವರ್ಷದಲ್ಲಿ ಕರಗುವುದು ಶೇ. 2ಕ್ಕಿಂತ ಕಡಿಮೆ. ಇಂಥ ಮಂದ ಗಡಿಯಾರದಿಂದ ಎರಡು ವರ್ಷದ ಅಂತರ ಅಳೆಯುವುದು ಎಲ್ಲಿ ಬಂತು? ಗಡಿಯಾರಕ್ಕೆ ಚುರುಕು ತಂದದ್ದು ಅಣುಬಾಂಬು. ಐವತ್ತು, ಅರವತ್ತರ ದಶಕದ ಬಯಲು ಸ್ಫೋಟಗಳು ಉತ್ತರ ಗೋಳಾರ್ಧದ ಗಾಳಿಯಲ್ಲಿದ್ದ ಇಂಗಾಲ-14ನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದವು. ಬಯಲು ಸ್ಫೋಟಗಳನ್ನು ನಿಷೇಧಿಸಿದ 1963ರ ಒಪ್ಪಂದದ ನಂತರ ಸಾಗರ ಮತ್ತು ಸಸ್ಯಗಳು ಹೀರಿಕೊಂಡಂತೆ ಅದು ವರ್ಷವರ್ಷವೂ ಇಳಿಯುತ್ತ ಬಂತು. ಆ ಏರಿಳಿತದಲ್ಲಿ ಪ್ರತಿ ಬೆಳೆಗೂ ಒಂದು ಸ್ಥಾನವಿದೆ. 1878ರ ಬಾರ್ಲಿಯಲ್ಲಿ ಬಾಂಬಿನ ಇಂಗಾಲ ಸಿಕ್ಕರೆ ಮುಂದೆ ವಾದಿಸಲು ಏನೂ ಉಳಿಯುವುದಿಲ್ಲ.

2018ರಲ್ಲಿ ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್‌ನ ಪ್ರಯೋಗಾಲಯ 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ 21 ಬಾಟಲಿಗಳು ಪೂರ್ತಿ ನಕಲಿ, ಇಲ್ಲವೇ ಹೇಳಿಕೊಂಡ ವರ್ಷದ್ದಲ್ಲ ಎಂದು ತಿಳಿಯಿತು. ಗಾಜಿನೊಳಗೆ ವಿಸ್ಕಿ ಮಾಗುವುದಿಲ್ಲ. ಹಾಗಿರುವಾಗ ಸಂಗ್ರಾಹಕ ಹಣ ಕೊಡುವುದು ಬಹುಪಾಲು ಕಥೆಗೇ. ಅಮೆರಿಕದ ವಿಸ್ಕಿಯಾದ ಬರ್ಬನ್‌ನ ಸಂಗ್ರಾಹಕರಲ್ಲಿ ‘ಪ್ಯಾಪಿ ವ್ಯಾನ್ ವಿಂಕಲ್’ ಎಂಬ ಬ್ರಾಂಡಿನ ಖಾಲಿ ಬಾಟಲಿಗಳಿಗೂ ಬೆಲೆಯಿದೆ. ಖಾಲಿ ಗಾಜನ್ನು ಕೊಳ್ಳುವವರೆಲ್ಲ ಅದರಲ್ಲಿ ಮನಿಪ್ಲಾಂಟ್ ಬೆಳೆಸುತ್ತಾರೆಂದು ನಂಬುವುದು ಕಷ್ಟ.

ಬರ್ಬನ್‌ಗೆ ಇನ್ನೊಂದು ಪರೀಕ್ಷೆಯೂ ಇದೆ. ಅದರ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಲೇಬೇಕೆಂಬುದು ಅಮೆರಿಕದ ನಿಯಮ. ಬಾರ್ಲಿ, ಗೋಧಿ, ಭತ್ತ ತುಸು ಭಾರದ ಇಂಗಾಲ-13ನ್ನು ಸಾಕಷ್ಟು ದೂರವಿಡುತ್ತವೆ. ಮೆಕ್ಕೆಜೋಳ, ಕಬ್ಬು ಮತ್ತು ನಮ್ಮ ರಾಗಿ ದ್ಯುತಿಸಂಶ್ಲೇಷಣೆಯನ್ನು ಬೇರೆ ದಾರಿಯಲ್ಲಿ ನಡೆಸುವುದರಿಂದ ಅದನ್ನು ಅಷ್ಟಾಗಿ ಬೇರ್ಪಡಿಸುವುದಿಲ್ಲ. ಈ ವ್ಯತ್ಯಾಸ ಮದ್ಯಸಾರದಲ್ಲೂ ಉಳಿಯುತ್ತದೆ. ಬಾರ್ಲಿಯದೆಂದು ಮಾರಿದ ಪಾನೀಯದಲ್ಲಿ ಕಬ್ಬಿನ ಕಾಕಂಬಿಯ ಮದ್ಯಸಾರ ಬೆರೆತಿದ್ದರೆ ಹೀಗೆ ಪತ್ತೆ ಹಚ್ಚಬಹುದು. ನಮ್ಮಲ್ಲಿ ವಿಸ್ಕಿಯೆಂದು ಕರೆಸಿಕೊಳ್ಳುವ ಎಷ್ಟೋ ಬಾಟಲಿಗಳ ಮೂಲ ಈ ಕಾಕಂಬಿಯೇ. ಧಾನ್ಯದಿಂದ ಮಾಡದ್ದನ್ನು ಆ ಹೆಸರಿನಲ್ಲಿ ಮಾರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಮೆಕ್ಕೆಜೋಳದ ಜೊತೆ ಕಬ್ಬು ಬೆರೆತರೆ ಮಾತ್ರ ಈ ಪರೀಕ್ಷೆ ತಡಬಡಾಯಿಸುತ್ತದೆ. ಎರಡೂ ಒಂದೇ ದಾರಿಯ ಸಸ್ಯಗಳು.

ಬಾಂಬಿನ ಗಡಿಯಾರವೂ ಈಗ ಮಂಕಾಗುತ್ತಿದೆ. ಕಲ್ಲಿದ್ದಲು, ಪೆಟ್ರೋಲುಗಳ ಇಂಗಾಲ ಕೋಟ್ಯಂತರ ವರ್ಷ ಹಳೆಯದು. ಅದರಲ್ಲಿ ಇಂಗಾಲ-14 ಉಳಿದಿಲ್ಲ. ನಾವು ಸುಡುವ ಇಂಧನದ ಹೊಗೆ ಗಾಳಿಯಲ್ಲಿರುವುದನ್ನು ತೆಳುವಾಗಿಸುತ್ತಿದೆ. ಅದರ ಪ್ರಮಾಣ ಈಗಾಗಲೇ ಸ್ಫೋಟಗಳಿಗೆ ಮುಂಚಿನ ಮಟ್ಟದ ಆಸುಪಾಸಿಗೆ ಇಳಿದಿದೆ. ಇಂದಿನ ಬಾರ್ಲಿಯನ್ನು ಭಟ್ಟಿ ಇಳಿಸಿ, ಹತ್ತು ವರ್ಷ ಪೀಪಾಯಿಯಲ್ಲಿಟ್ಟು, ಹಳೆಯ ಗಾಜಿಗೆ ತುಂಬಿ ‘ಅಜ್ಜನ ಕಾಲದ್ದು’ ಎಂದು ಹರಾಜಿಗಿಡುವವನ ದಾರಿಗೆ ಇಂಗಾಲ-14 ಅಡ್ಡ ಬರಲಿಕ್ಕಿಲ್ಲ.